ಹಂಪೆಯ ತಲೆಕೆಳಗು ಗೋಪುರ, ಗುಮ್ಮಟದ ಪಿಸುಮಾತು

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತ ನಾವೆಲ್ಲ ಮಕ್ಕಳಿಗೆ ಗಾದೆ ಹೇಳಿಕೊಡುತ್ತೇವೆ. ಆದರೆ ಸೀರೆ ಅಂಗಡಿಯಲ್ಲಾಗಲಿ, ನೀರಿನ ನಲ್ಲಿಯ ಹತ್ತಿರವಾಗಲಿ, ನೆಂಟರ ಮನೆಯ ಮದುವೆಯಲ್ಲಾಗಲಿ ಯಾರಾದರೂ "ನಾನೇ ಕಣ್ಣಾರೆ ಕಂಡೆ", "ನಾನೇ ಕಿವಿಯಾರೆ ಕೇಳಿದೆ" ಎಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಕಣ್ಣು ಕಿವಿಗಳಿಗಿಂತ ದೊಡ್ಡ ಸಾಕ್ಷಿ ಬೇರೆ ಯಾವುದಿದೆ ಹೇಳಿ?

ಆ ಸಾಕ್ಷಿಗಳನ್ನೇ ಒಂದಿಷ್ಟು ಪರೀಕ್ಷೆಗೆ ಹಚ್ಚಬೇಕೆನ್ನುವವರಿಗೆ ನಮ್ಮ ಕರ್ನಾಟಕದಲ್ಲೇ ಒಂದು ಒಳ್ಳೆಯ ಪ್ರವಾಸವಿದೆ. ಹಂಪೆಯಲ್ಲಿ ಎರಡು ದಿನ, ದಾರಿಯಲ್ಲಿ ಇಳಕಲ್ಲು, ಕೊನೆಗೆ ವಿಜಯಪುರದ ಗೋಳಗುಮ್ಮಟ. ಕಣ್ಣು ಎಲ್ಲಿ ಮೋಸಹೋಗುತ್ತದೆ, ಬಣ್ಣ ಹೇಗೆ ಮರೆಮಾಚುತ್ತದೆ, ಕಿವಿ ಹೇಗೆ ದಾರಿ ತಪ್ಪುತ್ತದೆ ಎನ್ನುವುದೆಲ್ಲ ನಾಲ್ಕೇ ದಿನದಲ್ಲಿ ಗೊತ್ತಾಗುತ್ತದೆ. ಕಳೆದ ಡಿಸೆಂಬರಿನಲ್ಲಿ ನಾವು ಐದು ಜನ ಹೋಗಿ ಬಂದೆವು. ನಮ್ಮ ಯಜಮಾನರು, ನಾನು, ಎಪ್ಪತ್ತು ದಾಟಿದ ನಮ್ಮತ್ತೆ, ನಾದಿನಿ, ಅವಳ ಎಂಟು ವರ್ಷದ ಮಗ.

ಕತ್ತಲೆ ಕೋಣೆಯ ಗೋಡೆ

ಹಂಪೆಯಲ್ಲಿ ಎಲ್ಲರೂ ಮೊದಲು ಹೋಗುವುದು ವಿರೂಪಾಕ್ಷನ ಗುಡಿಗೆ. ಸುತ್ತಲಿನ ಊರೆಲ್ಲ ಹಾಳಾದರೂ ಇಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ. ಪೂರ್ವದ ಹೆಬ್ಬಾಗಿಲ ಗೋಪುರ ಒಂಬತ್ತು ಅಂತಸ್ತಿನದು, ಸುಮಾರು 50 ಮೀಟರ್ ಎತ್ತರ. ಅದನ್ನು ದಾಟಿದರೆ ದೊಡ್ಡ ಅಂಗಳ. ಮುಂದೆ ರಾಯಗೋಪುರ. ಇದನ್ನೂ ಒಳಗಿನ ರಂಗಮಂಟಪವನ್ನೂ ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ, 1510ರ ಹೊತ್ತಿಗೆ, ಕಟ್ಟಿಸಿದ. ರಂಗಮಂಟಪದ ಛಾವಣಿಯ ಬಣ್ಣದ ಚಿತ್ರಗಳನ್ನು ಕತ್ತು ನೋಯುವವರೆಗೆ ನೋಡಿ, ದರ್ಶನ ಮಾಡಿಕೊಂಡು, ಗರ್ಭಗುಡಿಯ ಹಿಂದಕ್ಕೆ ಬಂದರೆ ಕೆಲವು ಮೆಟ್ಟಿಲು ಹತ್ತಿ ಹೋಗುವ ಒಂದು ಕತ್ತಲೆ ಜಾಗವಿದೆ. ಗೈಡಿಲ್ಲದೆ ಹೋದವರು ಸುಮ್ಮನೆ ದಾಟಿಹೋಗುತ್ತಾರೆ.

"ಇಲ್ಲಿ ನಿಂತ್ಕೊಳ್ರಿ ಅಮ್ಮ, ಗೋಡಿ ನೋಡ್ರಿ" ಅಂದ ನಮ್ಮ ಗೈಡು. ಮೊದಲು ಏನೂ ಕಾಣಿಸಲಿಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಆಮೇಲೆ ನಿಧಾನವಾಗಿ ಗೋಡೆಯ ಮೇಲೆ ಮಸುಕಾಗಿ ಒಂದು ಆಕಾರ ಮೂಡಿತು. ಗೋಪುರ! ಅದೇ ಹೆಬ್ಬಾಗಿಲ ಗೋಪುರ. ಆದರೆ ಕಳಸ ಕೆಳಗೆ, ಬುಡ ಮೇಲೆ. ಗೋಪುರ ಇರುವುದು ಎಲ್ಲೋ ದೂರದಲ್ಲಿ, ಅಂಗಳಗಳ ಆಚೆ. ಅದು ಇಲ್ಲಿ ಬಂದು ತಲೆಕೆಳಗಾಗಿ ನಿಂತಿದೆ.

ಗುಂಪಿನಲ್ಲಿ ಒಬ್ಬರು ಕೈಮುಗಿದರು, ಒಬ್ಬರು "ಎಲ್ಲೋ ಮಿಷನ್ ಇಟ್ಟಿದಾರೆ" ಅಂದರು. ಮಿಷನ್ ಅಂತ ಇರುವುದು ಒಂದೇ, ಎದುರು ಗೋಡೆಯ ಒಂದು ಸಣ್ಣ ಕಿಂಡಿ.

ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿಯಲ್ಲಿ ನುಸುಳಬೇಕಾದರೆ ಮೇಲಿನಿಂದ ಕೆಳಕ್ಕೆ ಇಳಿದು ಬರಬೇಕು. ಹಾಗೇ ಮುಂದುವರಿದು ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ. ಬುಡದ ಬೆಳಕು ಕೆಳಗಿನಿಂದ ಬಂದು ಗೋಡೆಯ ಮೇಲ್ಭಾಗಕ್ಕೆ ಹೋಗುತ್ತದೆ. ಕಿಂಡಿ ದೊಡ್ಡದಿದ್ದರೆ ಎಲ್ಲ ಬೆಳಕೂ ಕಲಸಿ ಬರೀ ಬಿಸಿಲು ಬೀಳುತ್ತಿತ್ತು. ಸಣ್ಣದಾದ್ದರಿಂದ ಒಂದೊಂದು ಬಿಂದುವಿನ ಬೆಳಕೂ ತನ್ನ ತನ್ನ ಜಾಗಕ್ಕೇ ಬಿದ್ದು ಚಿತ್ರವಾಗುತ್ತದೆ. ಜನ ಇದನ್ನು "ತಲೆಕೆಳಗು ನೆರಳು" ಅನ್ನುತ್ತಾರೆ. ನಿಜಕ್ಕೆ ಅದು ನೆರಳಲ್ಲ, ಬೆಳಕೇ ಬರೆದ ಚಿತ್ರ. ಸುಮಾರು ಸಾವಿರ ವರ್ಷದ ಹಿಂದೆಯೇ ಅರಬ್ ವಿದ್ವಾಂಸ ಇಬ್ನ್ ಅಲ್ ಹೈತಮ್ ಬೆಳಕಿನ ಈ ನಡವಳಿಕೆಯನ್ನು ಕುರಿತು ಬರೆದಿದ್ದ. ಮುಂದೆ ಕ್ಯಾಮೆರಾ ಹುಟ್ಟಿದ್ದೂ ಇಂಥ ಕತ್ತಲೆ ಕೋಣೆಯಿಂದಲೇ.

ಅತ್ತೆಗೆ ಗೋಡೆಯ ಮೇಲಿನದು ಕಾಣಲಿಲ್ಲ. ಅವರ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಗೈಡು ಒಂದು ಬಿಳಿ ಹಾಳೆ ತೆಗೆದು ಕಿಂಡಿಗೆ ಹತ್ತಿರ ಹಿಡಿದ. ಹತ್ತಿರ ಹಿಡಿದಷ್ಟೂ ಚಿತ್ರ ಚಿಕ್ಕದಾಗುತ್ತದೆ, ಬೆಳಕು ಹೆಚ್ಚುತ್ತದೆ. ಅತ್ತೆ ಮುಖವನ್ನು ಹಾಳೆಯ ಹತ್ತಿರಕ್ಕೇ ತಂದು, "ಹೌದು ಕಣೋ, ಬೋರಲು ಬಿದ್ದಿದೆ" ಅಂದರು. ಹೊರಗೆ ಬಂದ ಮೇಲೆ ತಿರುಗಿ ತಿರುಗಿ ನಿಜವಾದ ಗೋಪುರದ ಕಡೆಗೆ ನೋಡುತ್ತಿದ್ದರು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಮ್ಮ ಪ್ರತಿಯೊಬ್ಬರ ಕಣ್ಣೊಳಗೂ ಇಂಥದೇ ಕತ್ತಲೆ ಕೋಣೆ ಇದೆ. ಕಣ್ಣಿನ ಪಾಪೆಯೇ ಕಿಂಡಿ, ಹಿಂದಿನ ತೆಳು ಪರದೆಯೇ ಗೋಡೆ. ಆ ಪರದೆಯ ಮೇಲೆ ಮನೆ, ಮರ, ಮಗು ಎಲ್ಲವೂ ತಲೆಕೆಳಗಾಗಿಯೇ ಬೀಳುತ್ತವೆ. ನೆಟ್ಟಗೆ ಮಾಡಿ ತಿಳಿದುಕೊಳ್ಳುವುದು ಮಿದುಳು. ಅಮೆರಿಕದ ಜಾರ್ಜ್ ಸ್ಟ್ರಾಟನ್ ಎಂಬ ಮನಶ್ಶಾಸ್ತ್ರಜ್ಞರು 1890ರ ದಶಕದಲ್ಲಿ ಲೋಕವನ್ನೇ ತಲೆಕೆಳಗಾಗಿ ತೋರಿಸುವ ಕನ್ನಡಕ ಮಾಡಿಕೊಂಡು ದಿನಗಟ್ಟಲೆ ಹಾಕಿಕೊಂಡಿದ್ದರು. ಮೊದಲು ತಡವರಿಸಿದರೂ ಕೆಲವೇ ದಿನಗಳಲ್ಲಿ ಓಡಾಟ ಸಲೀಸಾಯಿತಂತೆ. ಅಂದಮೇಲೆ ಕಾಣುವುದು ಕಣ್ಣೊಂದರ ಕೆಲಸವಲ್ಲ. ಕಣ್ಣು ಸಾಮಾನು ತಂದುಕೊಡುತ್ತದೆ, ಅಡಿಗೆ ಮಾಡುವುದು ಮಿದುಳು.

ಮುಂದಿನಿಂದ ಮಗ, ಹಿಂದಿನಿಂದ ತಾಯಿ

ಮಧ್ಯಾಹ್ನ ಬುತ್ತಿ ಬಿಚ್ಚಿ ಚಪಾತಿ, ಚಿತ್ರಾನ್ನ ಮುಗಿಸಿ ಹೇಮಕೂಟದ ಕಡೆ ಹೊರಟೆವು. ಅಲ್ಲಿ ಎರಡು ಗಣಪನ ವಿಗ್ರಹಗಳಿವೆ, ಕಡಲೆಕಾಳು ಗಣಪ ಮತ್ತು ಸಾಸಿವೆಕಾಳು ಗಣಪ. ಹೆಸರು ಕೇಳಿದವರು ಬೆರಳ ತುದಿಯಷ್ಟು ಗಣಪ ಅಂದುಕೊಂಡು ಹೋಗುತ್ತಾರೆ. ಕಡಲೆಕಾಳು ಸುಮಾರು 15 ಅಡಿ, ಸಾಸಿವೆಕಾಳು ಸುಮಾರು 8 ಅಡಿ! ಎರಡೂ ಒಂದೊಂದೇ ಬಂಡೆಯಲ್ಲಿ ಕಡೆದವು.

ಸಾಸಿವೆಕಾಳು ಗಣಪನ ಎದುರು ನಿಂತು ಕೈಮುಗಿದು ಹೊರಟುಬಿಡಬೇಡಿ. ಹಿಂದಕ್ಕೆ ಹೋಗಿ. ಅಲ್ಲಿ ಕಾಣುವುದು ಗಣಪನ ಬೆನ್ನಲ್ಲ, ಹೆಂಗಸೊಬ್ಬಳ ಬೆನ್ನು. ಅದು ಪಾರ್ವತಿ, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಳೆ ಎನ್ನುತ್ತಾರೆ. ಮುಂದಿನಿಂದ ನೋಡಿದವರಿಗೆ ಮಗ ಮಾತ್ರ ಕಾಣುತ್ತಾನೆ. ಅವನನ್ನು ಹೊತ್ತು ಕೂತವಳು ಕಾಣಬೇಕಾದರೆ ಒಂದು ಸುತ್ತು ಬರಬೇಕು. "ಎಲ್ಲಾ ಮನೇಲೂ ಹೀಗೇ" ಅಂತ ನಾದಿನಿ ಅಂದಾಗ ನಮ್ಮ ಯಜಮಾನರೂ ನಕ್ಕರು.

ಸಂಜೆ ಹೇಮಕೂಟದ ಹಾಸುಬಂಡೆಯ ಮೇಲೆ ಕೂತೆವು. ಅಂದು ಹುಣ್ಣಿಮೆ. ಒಂದು ಕಡೆ ಸೂರ್ಯ ಮುಳುಗುತ್ತಿದ್ದಂತೆ ಇನ್ನೊಂದು ಕಡೆ ಬೆಟ್ಟದ ಸಾಲಿನ ಮೇಲೆ ಚಂದ್ರ ಎದ್ದ. ಎಷ್ಟು ದೊಡ್ಡ ಚಂದ್ರ ಅಂತೀರಿ! ಹಿತ್ತಾಳೆ ಹರಿವಾಣದಂತೆ. ಮಗು, "ಮನೆ ಚಂದಮಾಮ ಸಣ್ಣದು, ಹಂಪೆ ಚಂದಮಾಮ ದೊಡ್ಡದು" ಅಂತ ತೀರ್ಪು ಕೊಟ್ಟ.

ಚಂದ್ರ ಹುಟ್ಟುವಾಗ ದೊಡ್ಡದು, ನೆತ್ತಿಗೆ ಬಂದಾಗ ಚಿಕ್ಕದು ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅಳತೆಯಲ್ಲಿ ವ್ಯತ್ಯಾಸವೇ ಇಲ್ಲ. ಬೇಕಾದರೆ ಕೈ ಚಾಚಿ ಕಿರುಬೆರಳು ಅಡ್ಡ ಹಿಡಿಯಿರಿ. ಹುಟ್ಟುವ ಚಂದ್ರನೂ ಬೆರಳ ಹಿಂದೆ ಅಡಗುತ್ತಾನೆ, ನೆತ್ತಿಯ ಚಂದ್ರನೂ ಅಡಗುತ್ತಾನೆ. (ಸೂರ್ಯನಿಗೆ ಮಾತ್ರ ಈ ಪರೀಕ್ಷೆ ಬೇಡ, ಕಣ್ಣಿಗೆ ಅಪಾಯ.) ಯಜಮಾನರು ಒಂದು ಕಾಗದ ಸುರುಳಿ ಸುತ್ತಿ ಮಗುವಿನ ಕೈಗೆ ಕೊಟ್ಟರು. ಸುರುಳಿಯೊಳಗಿಂದ ನೋಡಿದರೆ ಬೆಟ್ಟ, ಮರ ಯಾವುದೂ ಕಾಣುವುದಿಲ್ಲ, ಚಂದ್ರನೊಬ್ಬನೇ. ಕೂಡಲೇ "ಅಯ್ಯೋ, ಸಣ್ಣ ಆಯ್ತು!" ಅಂದ. ದಿಗಂತದ ಚಂದ್ರ ಬೆಟ್ಟಕ್ಕಿಂತಲೂ ಬಹು ದೂರದಲ್ಲಿದ್ದಾನೆ, ಅಷ್ಟು ದೂರದಲ್ಲಿದ್ದೂ ಇಷ್ಟು ಕಾಣಬೇಕಾದರೆ ಬಹಳ ದೊಡ್ಡದೇ ಇರಬೇಕು ಅಂತ ಮನಸ್ಸು ನಮ್ಮನ್ನು ಕೇಳದೆ ಲೆಕ್ಕ ಹಾಕಿಬಿಡುತ್ತದೆ ಎಂದು ಬಲ್ಲವರು ವಿವರಿಸುತ್ತಾರೆ. ಈ ವಿಷಯದಲ್ಲಿ ಅವರಲ್ಲೇ ಇನ್ನೂ ಪೂರ್ತಿ ಒಮ್ಮತವಿಲ್ಲ. ತಮಾಷೆಯೆಂದರೆ, ಇದೆಲ್ಲ ತಿಳಿದ ಮೇಲೂ ಕಾಗದದ ಸುರುಳಿ ತೆಗೆದರೆ ಚಂದ್ರ ಮತ್ತೆ ದೊಡ್ಡದಾಗಿಯೇ ಕಾಣುತ್ತಾನೆ. ತಿಳಿವಳಿಕೆ ಬಂತು ಅಂತ ಭ್ರಮೆ ಎದ್ದು ಹೋಗುವುದಿಲ್ಲ.

ಅತ್ತೆ ಆ ಹೊತ್ತಿನವರೆಗೂ ಸುಮ್ಮನೆ ಕೂತಿದ್ದವರು ಮೆಲ್ಲಗೆ ಕೇಳಿದರು. "ಗೋಡೆ ಮೇಲೆ ಇಲ್ಲದ ಗೋಪುರ ಕಂಡ್ರೆ ಎಲ್ರೂ ಅಬ್ಬಾ ಅಂತೀರಿ. ನನಗೆ ನಮ್ಮ ಅಂಗಳದಲ್ಲಿ ಇಲ್ಲದ ಮಕ್ಕಳು ಕಂಡ್ರೆ ಗಾಳಿ ಸೋಕಿದೆ ಅಂತೀರಲ್ಲಮ್ಮ?"

ನಮಗೆಲ್ಲ ಒಂದು ಕ್ಷಣ ಮಾತೇ ಹೊರಡಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದರು. ಆರು ತಿಂಗಳಿಂದ, ದೀಪ ಹಚ್ಚುವ ಹೊತ್ತಿಗೆ, ಅಂಗಳದಲ್ಲಿ ಮೂರ್ನಾಲ್ಕು ಪುಟ್ಟ ಮಕ್ಕಳು ಕಾಣುತ್ತಾರಂತೆ. ಬಣ್ಣಬಣ್ಣದ ಲಂಗ, ತಲೆಗೆ ಟೋಪಿ. ಮಾತಿಲ್ಲ, ಸದ್ದಿಲ್ಲ. ಹತ್ತಿರ ಹೋದರೆ ಇರುವುದಿಲ್ಲ. "ಇಲ್ಲ ಅಂತ ನನಗೂ ಗೊತ್ತು. ಆದ್ರೂ ಕಾಣ್ತವೆ." ಮನೆಗೆ ಬಂದಿದ್ದ ನೆಂಟರೊಬ್ಬರ ಹತ್ತಿರ ಒಮ್ಮೆ ಈ ಮಾತು ಎತ್ತಿದ್ದಕ್ಕೆ ಅವರು ತಾಯತ ಕಟ್ಟಿಸಿ, ಯಾರನ್ನಾದರೂ ಕರೆಸಿ ಬಿಡಿಸಿ ಎಂದಿದ್ದರಂತೆ. ಅಂದಿನಿಂದ ಅತ್ತೆ ಬಾಯಿ ಕಟ್ಟಿಕೊಂಡಿದ್ದರು. ಹುಚ್ಚು ಅಂದುಬಿಟ್ಟರೆ ಎಂಬ ಭಯ. ಆರು ತಿಂಗಳು ಆ ಭಯವನ್ನು ಒಬ್ಬರೇ ಹೊತ್ತಿದ್ದರು.

ನಾದಿನಿ ಅವರ ಕೈ ಹಿಡಿದುಕೊಂಡು, "ಊರಿಗೆ ಹೋದ ಕೂಡಲೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಮ್ಮ" ಅಂದಳು.

ಒಂದೇ ಕಲ್ಲಲ್ಲದ ರಥ

ಮರುದಿನ ಬೆಳಿಗ್ಗೆ ವಿಜಯವಿಠ್ಠಲ ದೇವಸ್ಥಾನ. 2017ರಿಂದ ಬಂದ ಹೊಸ ಐವತ್ತು ರೂಪಾಯಿ ನೋಟಿನ ಹಿಂದೆ ಇರುವ ಕಲ್ಲಿನ ರಥ ಇಲ್ಲಿಯದೇ. ಯಾರನ್ನು ಕೇಳಿದರೂ "ಒಂದೇ ಕಲ್ಲಲ್ಲಿ ಕಡೆದದ್ದು" ಅನ್ನುತ್ತಾರೆ, ಕಣ್ಣೂ ಹೌದು ಅನ್ನುತ್ತದೆ. ಆದರೆ ಅದು ಹಲವು ಕಲ್ಲುಗಳನ್ನು ಕೂಡಿಸಿ ಕಟ್ಟಿದ ಪುಟ್ಟ ಗುಡಿ. ಕೂಡು ಬರುವ ಜಾಗದಲ್ಲೇ ಕೆತ್ತನೆ ಬರುವಂತೆ ಮಾಡಿ ಸಂದನ್ನು ಮುಚ್ಚಿದ್ದಾರೆ, ನಾವು ಸೀರೆಯ ತೇಪೆಯ ಮೇಲೆ ಹೂ ಕಸೂತಿ ಹಾಕಿ ಮುಚ್ಚುವ ಹಾಗೆ. ಮುಂದೆ ಎಳೆಯುತ್ತಿರುವ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಉಳಿದಿರುವುದು ಕಾಣುತ್ತದೆ. ಮೊದಲು ಕುದುರೆಗಳಿದ್ದ ಜಾಗಕ್ಕೆ ಆನೆಗಳನ್ನು ಆಮೇಲೆ ತಂದಿಟ್ಟದ್ದು.

ಪಕ್ಕದ ಮಂಟಪದಲ್ಲಿ ಸಂಗೀತದ ಕಂಬಗಳು. ತಟ್ಟಿದರೆ ನಾದ ಬರುತ್ತದೆ. ಈಗ ತಟ್ಟುವುದಕ್ಕೆ ಬಿಡುವುದಿಲ್ಲ, ಸಾವಿರಾರು ಜನ ತಟ್ಟಿ ತಟ್ಟಿ ಸವೆಯುವುದು ಬೇಡವೆಂದು. ಒಳಗೆ ಟೊಳ್ಳು ಇರಬೇಕು ಎಂದು ಕಿವಿ ಹೇಳುತ್ತದೆ. ಆದರೆ ಗಟ್ಟಿ ಕಲ್ಲೇ. ಸಣ್ಣ ಸಣ್ಣ ಕಂಬಗಳಾಗಿ ಬಿಡಿಸಿದ ಕಲ್ಲು ಜಲತರಂಗದ ಬಟ್ಟಲಿನಂತೆ ನಡುಗಿ ಸದ್ದು ಕೊಡುತ್ತದೆ. ಉದ್ದ, ದಪ್ಪ ಬೇರೆಯಾದರೆ ಸ್ವರ ಬೇರೆ.

ಇಳಕಲ್ಲಿನ ಕೆಂಪು

ಹೊಸಪೇಟೆಯಲ್ಲಿ ಬೆಳಿಗ್ಗೆ ಮಂಡಕ್ಕಿ ವಗ್ಗರಣೆ, ಮಿರ್ಚಿ ತಿಂದು ವಿಜಯಪುರದ ದಾರಿ ಹಿಡಿದೆವು. ಕುಷ್ಟಗಿ ದಾಟಿದ ಮೇಲೆ ಬಯಲು. ಹೊತ್ತೇರಿದಂತೆ ಟಾರು ರಸ್ತೆಯ ಮೇಲೆ ಮುಂದೆ ಮುಂದೆ ನೀರು ನಿಂತ ಹಾಗೆ ಹೊಳೆಯುತ್ತಿತ್ತು. ಹತ್ತಿರ ಹೋದರೆ ಒಣ ರಸ್ತೆ. ನಮ್ಮ ಹಿರಿಯರು ಇದಕ್ಕೆ ಬಿಸಿಲ್ಗುದುರೆ ಎಂದು ಎಷ್ಟು ಚೆಂದದ ಹೆಸರಿಟ್ಟಿದ್ದಾರೆ! ಕಾದ ರಸ್ತೆಯ ಮೇಲಿನ ಬಿಸಿ ಗಾಳಿ ಬೆಳಕನ್ನು ಬಾಗಿಸುತ್ತದೆ. ನೀರೆಂದು ನಾವು ನೋಡುವುದು ಆಕಾಶದ ತುಣುಕು. ಇದರ ಫೋಟೋ ಹೊಡೆದರೆ ಫೋಟೋದಲ್ಲೂ ಬರುತ್ತದೆ. ಅಂದರೆ ಕಣ್ಣು ಇದ್ದದ್ದನ್ನೇ ವರದಿ ಮಾಡುತ್ತಿದೆ, ಅದಕ್ಕೆ "ನೀರು" ಎಂದು ಹೆಸರಿಟ್ಟವರು ನಾವು.

ಇಳಕಲ್ಲಿಗೆ ಹೋಗಿ ಸೀರೆ ನೋಡದೆ ಬರುವುದುಂಟೇ? ಇಲ್ಲಿಯ ಸೀರೆಯ ಮೈಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಸೆರಗಿನ ಕೆಂಪು ಇಳಕಲ್ಲಿನ ಗುರುತು. ನಾದಿನಿ ಹಸಿರು ಮೈಯದೊಂದು, ಕಿತ್ತಳೆ ಮೈಯದೊಂದು ಮುಂದಿಟ್ಟುಕೊಂಡು, "ಹಸಿರು ಸೀರೆಯ ಸೆರಗು ಎಷ್ಟು ಕೆಂಪಗಿದೆ, ಇದರದು ಮಂಕು" ಅಂದಳು. ಅಂಗಡಿಯ ಹಿರಿಯರು ನಕ್ಕು, ಎರಡೂ ಸೆರಗನ್ನು ಮಡಿಚಿ ಒಂದರ ಪಕ್ಕ ಒಂದಿಟ್ಟರು. "ಒಂದೇ ಬಣ್ಣದ ತೊಟ್ಟಿಯೊಳಗಿಂದ ಬಂದದ್ದು ನೋಡ್ರಿ ತಂಗಿ." ನಿಜ, ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಬಣ್ಣ ಒಂಟಿಯಾಗಿ ಕಾಣುವುದಿಲ್ಲ, ನೆರೆಹೊರೆಯ ಜೊತೆಗೇ ಕಾಣುತ್ತದೆ. ಹಸಿರಿನ ಪಕ್ಕ ಕೆಂಪು ಇನ್ನಷ್ಟು ಕೆಂಪು, ಕಿತ್ತಳೆಯ ಪಕ್ಕ ಅದೇ ಕೆಂಪು ಸಪ್ಪೆ. ಇದನ್ನು ಚೆನ್ನಾಗಿ ವಿವರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೂಲ್. ಪ್ಯಾರಿಸಿನ ಹೆಸರಾಂತ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ಅವನಿಗೆ, ಅಲ್ಲಿಯ ಕಪ್ಪು ನೂಲು ಕಪ್ಪಗಿಲ್ಲ ಎಂಬ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳ ಪ್ರಭಾವ. ಆ ವಿಷಯವಾಗಿ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ.

ನಮಗೆ ಇದರಿಂದ ಆಗುವ ಉಪಯೋಗ ಇಷ್ಟು. ರವಿಕೆ ಬಟ್ಟೆ ಹೊಂದಿಸುವಾಗ ಎರಡನ್ನೂ ಒಟ್ಟಿಗೇ ಇಟ್ಟು ನೋಡಿ, ನೆನಪಿನಿಂದ ಹೊಂದಿಸಬೇಡಿ. ಅಂಗಡಿಯ ದೀಪದಲ್ಲಿ ಒಪ್ಪಿದ ಬಣ್ಣವನ್ನು ಬಾಗಿಲಿಗೆ ತಂದು ಹಗಲ ಬೆಳಕಿನಲ್ಲೂ ನೋಡಿ. ಒಳ್ಳೆಯ ವ್ಯಾಪಾರಿ ಬೇಡ ಅನ್ನುವುದಿಲ್ಲ.

ಗುಮ್ಮಟದಲ್ಲಿ ಕೇಳಿದ ಮಾತು

ಗೋಳಗುಮ್ಮಟ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು 1627ರಿಂದ 1656ರವರೆಗೆ ಆಳಿದ. ಒಳಗೆ ಕಾಲಿಟ್ಟರೆ ನಡುವೆ ಒಂದೇ ಒಂದು ಕಂಬವಿಲ್ಲದ ಹಜಾರ, ಮೇಲೆ ಸುಮಾರು 38 ಮೀಟರ್ ಒಳ ಅಗಲದ ಗುಮ್ಮಟ. ನಾಲ್ಕು ಮೂಲೆಯಲ್ಲಿ ಏಳೇಳು ಅಂತಸ್ತಿನ ಗೋಪುರಗಳು. ಅವುಗಳೊಳಗಿನ ಕಿರಿದಾದ ಮೆಟ್ಟಿಲು ಹತ್ತಿದರೆ ಗುಮ್ಮಟದ ಸುತ್ತ ಇರುವ ಪಡಸಾಲೆಗೆ ಬರುತ್ತೇವೆ. ಅದೇ ಪಿಸುಮಾತಿನ ಪಡಸಾಲೆ. ಅತ್ತೆ ಕೆಳಗೇ ಉಳಿದರು, ಯಜಮಾನರು ಜೊತೆಗೆ ಕೂತರು.

ಹೊತ್ತೇರಿದ ಮೇಲೆ ಹೋದರೆ ಇಲ್ಲಿ ಕೂಗಾಟವೇ ಕೂಗಾಟ. ನಾವು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋದದ್ದರಿಂದ ನಾಲ್ಕೈದು ಜನ ಮಾತ್ರ ಇದ್ದರು. ಗೈಡು ಒಂದು ಚಪ್ಪಾಳೆ ತಟ್ಟಿದ. ಅದು ಒಂದರ ಹಿಂದೆ ಒಂದರಂತೆ ಮತ್ತೆ ಮತ್ತೆ ಬಂತು, ಮಗು ಏಳರವರೆಗೆ ಎಣಿಸಿದ. ಸದ್ದು ಆಚೆ ಗೋಡೆಗೆ ಹೋಗಿ ಮರಳಿ ಬರಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ನಮ್ಮ ಮನೆಯ ಕೋಣೆಯಲ್ಲೂ ಸದ್ದು ಗೋಡೆಗೆ ಬಡಿದು ಬರುತ್ತದೆ, ಆದರೆ ಎಷ್ಟು ಬೇಗ ಬರುತ್ತದೆಂದರೆ ಕಿವಿ ಎರಡನ್ನೂ ಕೂಡಿಸಿ ಒಂದೇ ಸದ್ದು ಅಂದುಕೊಳ್ಳುತ್ತದೆ.

"ಗ್ವಾಡಿಗೆ ಬಾಯಿ ಹಚ್ಚಿ ಮೆಲ್ಲಕ ಮಾತಾಡ್ರಿ, ಆಚೀ ಕಡೆ ಕೇಳತೈತಿ. ಮನಿ ಮಾತ ಮಾತ್ರ ಆಡಬ್ಯಾಡ್ರಿ ಅಕ್ಕಾರ!" ಅಂದ ಗೈಡು. ನಾನು ಒಬ್ಬಳೇ ಸುತ್ತು ಹಾಕಿ ಎದುರು ಬದಿಗೆ ಹೋಗಿ ಗೋಡೆಗೆ ಕಿವಿ ಹಚ್ಚಿ ಕೂತೆ. ನಾದಿನಿ, ಮಗು ಆ ಕಡೆ ಬೊಂಬೆಗಳಂತೆ ಕಾಣುತ್ತಿದ್ದರು. ಆಗ ನನ್ನ ಬೆನ್ನ ಹಿಂದೆಯೇ ಯಾರೋ ಕೂತು ಉಸುರಿದ ಹಾಗೆ ಮಗುವಿನ ದನಿ ಕೇಳಿತು.

"ಅಮ್ಮಾ, ಅಜ್ಜಿಗೆ ಹುಚ್ಚಾ?"

ನಾನು ತಿರುಗಿ ನೋಡಿದೆ. ಯಾರೂ ಇಲ್ಲ. ಮತ್ತೆ ಗೋಡೆಯಿಂದ ನಾದಿನಿಯ ದನಿ. "ಅಲ್ಲ ಕಣೋ ಪುಟ್ಟ. ಹಂಪೇಲಿ ನಿನಗೂ ನನಗೂ ಗೋಡೆ ಮೇಲೆ ಗೋಪುರ ಕಾಣಲಿಲ್ವಾ? ನಮಗೇನು ಹುಚ್ಚಾ? ಅಜ್ಜಿ ಕಣ್ಣಿಗೆ ಮಂಜು ಬಂದಿದೆ. ಅದಕ್ಕೆ ಹಾಗೆ."

ಬಾಗಿದ ಗೋಡೆಗೆ ಅಂಟಿಕೊಂಡ ಹಾಗೆ ಸದ್ದು ಸುತ್ತಿಕೊಂಡು ಬರುತ್ತದೆ, ಚದುರಿ ಹೋಗುವುದಿಲ್ಲ. ಅದಕ್ಕೇ ಅಷ್ಟು ದೂರದ ಪಿಸುಮಾತೂ ಸ್ಪಷ್ಟ. ಎರಡು ಕಿವಿಗಳಲ್ಲಿ ಯಾವುದಕ್ಕೆ ಮೊದಲು, ಯಾವುದಕ್ಕೆ ಜೋರಾಗಿ ಬಂತು ಎನ್ನುವುದರ ಮೇಲೆ ಮನಸ್ಸು ಮಾತನಾಡಿದವರ ಜಾಗ ಗೊತ್ತುಮಾಡುತ್ತದೆ. ಸದ್ದು ಪಕ್ಕದ ಗೋಡೆಯಿಂದ ಬಂದರೆ ಆಳೂ ಪಕ್ಕದಲ್ಲೇ ಇದ್ದಾನೆ ಎಂದು ತೀರ್ಮಾನಿಸುತ್ತದೆ. ಕಿವಿ ಸುಳ್ಳು ಹೇಳಲಿಲ್ಲ. ಸದ್ದು ಬಂದದ್ದು ಅಲ್ಲಿಂದಲೇ.

ಡಾಕ್ಟರು ಹೇಳಿದ್ದು

ಊರಿಗೆ ಬಂದ ವಾರದಲ್ಲೇ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಮಕ್ಕಳ ವಿಷಯ ಹೇಳುವಾಗ ಅತ್ತೆಯ ದನಿ ನಡುಗುತ್ತಿತ್ತು. ಡಾಕ್ಟರು ಪೂರ್ತಿ ಕೇಳಿಸಿಕೊಂಡು, "ಇದಕ್ಕೊಂದು ಹೆಸರೇ ಇದೆ ಅಮ್ಮ, ನೀವೊಬ್ಬರೇ ಅಲ್ಲ" ಅಂದರು. ಆ ಒಂದು ಮಾತಿಗೆ ಅತ್ತೆಯ ಕಣ್ಣಲ್ಲಿ ನೀರು ಬಂತು.

ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ ಎಂಬ ವಿದ್ವಾಂಸ 1760ರಲ್ಲಿ ತನ್ನ ಅಜ್ಜನ ವಿಷಯ ಬರೆದಿಟ್ಟ. ಕಣ್ಣು ಮಂಜಾಗಿದ್ದ, ಆದರೆ ಬುದ್ಧಿ ಚುರುಕಾಗಿಯೇ ಇದ್ದ ಆ ಮುದುಕರಿಗೆ ಇಲ್ಲದ ಜನ, ಹಕ್ಕಿ, ಬಂಡಿ, ಕಟ್ಟಡಗಳು ಕಾಣುತ್ತಿದ್ದವು. ಅವು ನಿಜವಲ್ಲ ಎಂದು ಅವರಿಗೂ ಗೊತ್ತಿತ್ತು. ಇಂದಿಗೂ ವೈದ್ಯರು ಈ ತೊಂದರೆಯನ್ನು ಬೊನೆಯ ಹೆಸರಿನಿಂದಲೇ ಕರೆಯುತ್ತಾರೆ. ಕಣ್ಣಿನಿಂದ ಬರಬೇಕಾದ ಸಾಮಾನು ಕಡಿಮೆಯಾದಾಗ ಮಿದುಳು ಸುಮ್ಮನೆ ಕೂರದೆ ತಾನೇ ಚಿತ್ರ ಕಟ್ಟುತ್ತದೆ. ಗಾಳಿಯೂ ಅಲ್ಲ, ಹುಚ್ಚೂ ಅಲ್ಲ.

ನಿಮ್ಮ ಮನೆಯ ಹಿರಿಯರೂ ಹೀಗೆ ಏನಾದರೂ ಹೇಳಿದರೆ ನಗಬೇಡಿ, ಗದರಬೇಡಿ. ಬರೀ ಕಾಣುವುದೋ, ಸದ್ದೂ ಕೇಳುವುದೋ, ಅದು ನಿಜವಲ್ಲವೆಂದು ಅವರಿಗೆ ಗೊತ್ತಿದೆಯೋ ಕೇಳಿ ತಿಳಿದುಕೊಳ್ಳಿ. ಡಾಕ್ಟರಿಗೆ ಎಲ್ಲವನ್ನೂ ಹೇಳಿ, ತೆಗೆದುಕೊಳ್ಳುವ ಮಾತ್ರೆಗಳನ್ನೂ ತೋರಿಸಿ. ಜ್ವರ, ಕೆಲವು ಔಷಧಿ, ಮಿದುಳಿನ ಬೇರೆ ಕಾಯಿಲೆಗಳಿಂದಲೂ ಇಂಥದಾಗಬಹುದು, ಅದನ್ನು ವಿಂಗಡಿಸಬೇಕಾದವರು ಅವರು. ಸಂಜೆ ಮನೆಯಲ್ಲಿ ಬೆಳಕು ಚೆನ್ನಾಗಿರಲಿ. ಚಿತ್ರ ಕಂಡಾಗ ದೀಪ ಹಾಕುವುದು, ಕಣ್ಣು ಮಿಟುಕಿಸುವುದು, ಬೇರೆ ಕಡೆ ನೋಡುವುದು ಕೆಲವರಿಗೆ ಅನುಕೂಲವಾಗುತ್ತದೆ.

ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಮಕ್ಕಳು ಬರುವುದು ಬಹಳ ಕಡಿಮೆಯಾಗಿದೆ. ಯಾವಾಗಲಾದರೂ ಕಂಡರೆ ಈಗ ಹೆದರಿಕೆಯಿಲ್ಲ. "ಇವತ್ತು ಇಬ್ಬರೇ ಬಂದಿದ್ರು ಕಣಮ್ಮ" ಅಂತ ನನಗೆ ಲೆಕ್ಕ ಒಪ್ಪಿಸಿ ನಗುತ್ತಾರೆ.

ಹೋಗುವವರಿಗೆ

ಹಂಪೆಗೆ ಹೊಸಪೇಟೆಯಿಂದ ಸುಮಾರು 13 ಕಿಲೋಮೀಟರ್, ಬಸ್ಸು ಆಟೋ ಎರಡೂ ಸಿಗುತ್ತವೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಂಡೆಗಳು ಕಾದು ಹೆಂಚಾಗಿರುತ್ತವೆ. ಕತ್ತಲೆ ಕೋಣೆಯ ಗೋಪುರ ಕಾಣಲು ಬಿಸಿಲು ಬೇಕು, ಮೋಡದ ದಿನ ಸಪ್ಪೆ. ಒಂದು ಬಿಳಿ ಹಾಳೆ ಜೊತೆಗಿರಲಿ. ಹೊಸಪೇಟೆಯಿಂದ ವಿಜಯಪುರಕ್ಕೆ ಸುಮಾರು 200 ಕಿಲೋಮೀಟರ್, ಇಳಕಲ್ಲು ದಾರಿಯಲ್ಲೇ. ಗೋಳಗುಮ್ಮಟದ ಮೆಟ್ಟಿಲು ನೂರಕ್ಕೂ ಹೆಚ್ಚು, ಎತ್ತರೆತ್ತರ. ಮಂಡಿನೋವಿನವರು ಕೆಳಗೇ ಕೂತು ಪ್ರತಿಧ್ವನಿ ಕೇಳಬಹುದು. ವಿಜಯಪುರದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮರೆಯಬೇಡಿ.

ಮಕ್ಕಳ ಕೈಗೆ ಪುಟ್ಟ ಹಂಪೆ

ಹೋಗಲಾಗದಿದ್ದರೆ ಬೇಸರವಿಲ್ಲ, ರಜೆಯಲ್ಲಿ ಮನೆಯಲ್ಲೇ ಮಾಡಿ. ಒಂದು ಖಾಲಿ ಚಪ್ಪಲಿ ಡಬ್ಬಿ ತೆಗೆದುಕೊಳ್ಳಿ. ಒಂದು ಗಿಡ್ಡ ಬದಿಯ ನಡುವೆ ದಬ್ಬಳದಿಂದ ಒಂದು ಸಣ್ಣ ತೂತು ಮಾಡಿ. ಎದುರು ಬದಿಯನ್ನು ಚೌಕವಾಗಿ ಕತ್ತರಿಸಿ ತೆಗೆದು, ಅಲ್ಲಿ ಎಣ್ಣೆ ಸವರಿದ ತೆಳು ಬಿಳಿ ಕಾಗದ ಅಂಟಿಸಿ. ಮುಚ್ಚಳ ಮುಚ್ಚಿ ಸಂದುಗಳಿಗೆ ಕಪ್ಪು ಕಾಗದ ಹಚ್ಚಿ. ಸಂಜೆ ದೀಪವಾರಿಸಿದ ಕೋಣೆಯಲ್ಲಿ ಉರಿಯುವ ಮೇಣದಬತ್ತಿಯ ಕಡೆಗೆ ತೂತನ್ನು ಹಿಡಿದು, ಹಿಂದಿನ ಕಾಗದ ನೋಡಲಿ. ಜ್ವಾಲೆ ತಲೆಕೆಳಗಾಗಿ ಕಾಣುತ್ತದೆ. ಡಬ್ಬಿಯನ್ನು ಹತ್ತಿರ, ದೂರ ಮಾಡಿದರೆ ದೊಡ್ಡದು, ಚಿಕ್ಕದು ಆಗುತ್ತದೆ. ಮೇಣದಬತ್ತಿಯ ಹತ್ತಿರ ದೊಡ್ಡವರೊಬ್ಬರು ಇರಲಿ. ಮನೆಯ ಅಜ್ಜ ಅಜ್ಜಿಯರಿಗೂ ಒಮ್ಮೆ ಕೊಟ್ಟು, ಅವರಿಗೆ ಏನು ಕಾಣುತ್ತದೆಂದು ಕೇಳಿ.